ಇಂಜಂಕ್ಷನ್ ದಾವೆಗೆ ಒಡೆತನದ ಘೋಷಣೆ ಸೇರಿಸಿದ್ದು: ನನ್ನ ಅನುಭವ

ಎರಡು ಎಕರೆ ಎಂಟು ಗುಂಟೆ ರಾಗಿ ಹೊಲ. ಕಕ್ಷಿದಾರರು ಎಪ್ಪತ್ತು ದಾಟಿದ ಅಜ್ಜಿ. ಪಕ್ಕದವರು ಬದು ಒಡೆದು ಒಳಗೆ ಬರುತ್ತಿದ್ದಾರೆ ಎಂದು ನನ್ನ ಹತ್ತಿರ ಬಂದಿದ್ದರು. ಪಹಣಿ ಅಜ್ಜಿ ಹೆಸರಿನಲ್ಲಿತ್ತು, ಉಳುಮೆಯೂ ಅವರದೇ. ಹಾಗಾಗಿ ಬರೀ ಇಂಜಂಕ್ಷನ್, ಅಂದರೆ ಅವರು ಒಳಗೆ ಬರದಂತೆ ಕೋರ್ಟಿನ ತಡೆ, ಕೇಳಿ ದಾವೆ ಹಾಕಿದೆ.

ಪ್ರತಿವಾದಿಗಳ ತಕರಾರು (ದಾವೆಗೆ ಅವರ ಲಿಖಿತ ಉತ್ತರ) ಬಂದಾಗ ವಿಷಯವೇ ಬೇರೆಯಾಯಿತು. ಹಳೇ ಪಾಲುಪಟ್ಟಿಯಲ್ಲಿ ಈ ಜಮೀನು ತಮ್ಮ ತಂದೆಗೆ ಬಂದಿದೆ, ಅಜ್ಜಿಗೆ ಹಕ್ಕೇ ಇಲ್ಲ ಅಂತ ಬರೆದಿದ್ದರು. ಪಹಣಿಯೊಂದರಿಂದಲೇ ಒಡೆತನ ಸಾಬೀತಾಗುವುದಿಲ್ಲ. ಒಡೆತನದ ಮೇಲೆ ಗಂಭೀರ ತಕರಾರು ಎದ್ದರೆ, ಜಮೀನು ದಾವೆ ಹಾಕಿದವರದೇ ಎಂಬ ಘೋಷಣೆಯನ್ನೂ ಕೇಳಬೇಕು ಎಂದು ಸುಪ್ರೀಂ ಕೋರ್ಟ್ 2008ರ ಅನಾತುಲ ಸುಧಾಕರ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಅದಕ್ಕೆ 3 ವರ್ಷದ ಕಾಲಮಿತಿ ಬೇರೆ.

ಅವತ್ತು ಸಂಜೆಯೇ ವಾದಪತ್ರದ, ಅಂದರೆ ನಾವು ದಾವೆ ಹಾಕಿದ ಪತ್ರದ, ತಿದ್ದುಪಡಿ ಅರ್ಜಿ ಬರೆಯಲು ಕೂತೆ. ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರನೇ ಆದೇಶ, 17ನೇ ನಿಯಮ. ವಿಚಾರಣೆ ಶುರುವಾದ ಮೇಲೆ ಹೋದರೆ, ಎಷ್ಟೇ ಎಚ್ಚರ ವಹಿಸಿದ್ದರೂ ಮೊದಲೇ ತರಲು ಆಗಲಿಲ್ಲ ಎಂದು ತೋರಿಸಬೇಕಾಗುತ್ತದೆ. ಮುಖ್ಯ ವಿಚಾರಣೆಯ ಅಫಿಡವಿಟ್ (ಸಾಕ್ಷಿಯ ಪ್ರಮಾಣಿತ ಲಿಖಿತ ಹೇಳಿಕೆ) ಹಾಕಿದರೆ ವಿಚಾರಣೆ ಶುರುವಾದಂತೆಯೇ. ಪುಣ್ಯಕ್ಕೆ ನಾವಿನ್ನೂ ಹಾಕಿರಲಿಲ್ಲ.

ಸುಮ್ನೆ 'ತಿದ್ದಲು ಅನುಮತಿ ಕೊಡಿ' ಅಂದರೆ ಸಾಲದು. 'ಪ್ಯಾರಾ 6 ಆದ ಮೇಲೆ 6ಎ ಎಂದು ಸೇರಿಸಬೇಕು' ಅಂತ ಸೇರಿಸುವ ಮಾತನ್ನು ಅಕ್ಷರ ಬಿಡದೆ ಬರೆದೆ. ಅಜ್ಜಿ ಬಳೆ ಮಾರಿ ಕ್ರಯಕ್ಕೆ ತಗೊಂಡ ಜಮೀನು ಅದು. ನೋಂದಣಿಯಾದ ಕ್ರಯಪತ್ರದ ವಿವರ 6ಎ ಒಳಗೆ ಹೋಯಿತು. ಜಮೀನಿನ ವಿವರವಿರುವ ಶೆಡ್ಯೂಲನ್ನೂ ಅಜ್ಜಿಗೆ ಓದಿ ಹೇಳಿದೆ: ಪೂರ್ವಕ್ಕೆ ಬಂಡಿ ದಾರಿ, ಪಶ್ಚಿಮಕ್ಕೆ ಹಳ್ಳ. ಅಜ್ಜಿ ತಡೆದರು. "ಅಲ್ಲ ಸ್ವಾಮಿ, ಹೊತ್ತು ಹುಟ್ಟೋದು ಹಳ್ಳದ ಕಡೆಯಿಂದ ಅಲ್ವಾ?"

ಕ್ರಯಪತ್ರ ತೆಗೆದು ನೋಡಿದೆ. ಅವರು ಹೇಳಿದ್ದೇ ಸರಿ. ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಅದಲುಬದಲು ಮಾಡಿದ್ದು ನಾನು. ಅದೇ ಚೆಕ್ಕುಬಂದಿಗೆ ಡಿಕ್ರಿ ಆಗಿದ್ದರೆ ಅಜ್ಜಿಯ ಗತಿ ಏನಾಗುತ್ತಿತ್ತೋ! ಆ ತಿದ್ದುಪಡಿಯನ್ನೂ ಅರ್ಜಿಗೆ ಸೇರಿಸಿದೆ.

ದಾವೆಯ ಸ್ವರೂಪವೇ ಬದಲಾಗುತ್ತದೆ ಎಂದು ಎದುರು ವಕೀಲರು ಆಕ್ಷೇಪಿಸಿದರು. ಜಮೀನು ಅದೇ, ಜಗಳವೂ ಅದೇ, ಇಲ್ಲದಿದ್ದರೆ ಇನ್ನೊಂದು ದಾವೆ ಹಾಕಬೇಕಾಗುತ್ತದೆ ಎಂದೆ. ಖರ್ಚು ಕಟ್ಟುವ ಷರತ್ತಿನ ಮೇಲೆ ಅರ್ಜಿ ಮಂಜೂರಾಯಿತು.

ಆಮೇಲಿನ ಕೆಲಸವನ್ನೇ ಜಾಸ್ತಿ ಜನ ಮರೆಯುವುದು. ಕೋರ್ಟ್ ಬೇರೆ ಗಡುವು ಕೊಡದಿದ್ದರೆ 14 ದಿನದೊಳಗೆ ವಾದಪತ್ರದಲ್ಲೇ ತಿದ್ದುಪಡಿ ಬರೆಯಬೇಕು. ತಪ್ಪಿದರೆ ಮತ್ತೆ ಕೋರ್ಟಿನ ಅನುಮತಿ ಬೇಕು. ಮೂರನೇ ದಿನವೇ ಹೋಗಿ ಕೆಂಪು ಶಾಯಿಯಲ್ಲಿ ಬರೆದು ಸಹಿ ಹಾಕಿದೆ. ಹೊಸ ಮೌಲ್ಯಮಾಪನ ಪಟ್ಟಿ ಕೊಟ್ಟು, ಕೋರ್ಟ್ ಶುಲ್ಕದ ವ್ಯತ್ಯಾಸವನ್ನೂ ಕಟ್ಟಿದೆವು.

ಪ್ರತಿವಾದಿಗಳ ಹೆಚ್ಚುವರಿ ತಕರಾರು ಬಂತು, ಒಡೆತನದ ಬಗ್ಗೆ ಹೊಸ ಇಶ್ಯೂ (ಕೋರ್ಟ್ ತೀರ್ಮಾನಿಸಬೇಕಾದ ಪ್ರಶ್ನೆ) ಸೇರಿತು. ಮುಂದಿನ ವಾಯಿದೆಗೆ ಅಜ್ಜಿ ಅಸಲು ಕ್ರಯಪತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ಸಾಕ್ಷಿಕಟ್ಟೆ ಹತ್ತಿದರು.