ಮೂರೂವರೆ ಲಕ್ಷದಲ್ಲಿ ನೀಸ್, ಮೊನಾಕೊ, ಕಾನ್: ನನ್ನ ಅನುಭವ

ಮೂವರಿಗೆ, ವಿಮಾನದ ಟಿಕೆಟ್ಟೂ ಸೇರಿ, ಸುಮಾರು 3.5 ಲಕ್ಷ ರೂಪಾಯಿ. ಇಷ್ಟರಲ್ಲಿ ನಾನು, ಹೆಂಡತಿ, ಹೈಸ್ಕೂಲಿನ ಮಗ ಒಂದು ವಾರಕ್ಕಿಂತ ಜಾಸ್ತಿ ಫ್ರೆಂಚ್ ರಿವಿಯೆರಾದಲ್ಲಿ, ಅಂದರೆ ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ, ಇದ್ದು ಬಂದೆವು. ನಮ್ಮ ಬಳಗದಲ್ಲಿ ಈ ಲೆಕ್ಕವನ್ನು ಈಗಲೂ ಕೆಲವರು ನಂಬುವುದಿಲ್ಲ. ಹೊರಡುವ ಮೊದಲು ಅವರೆಲ್ಲ ಹೇಳಿದ್ದು ಒಂದೇ ಮಾತು: ಅದು ಸ್ವಂತ ಹಡಗು ಇಟ್ಟುಕೊಂಡವರ ಊರು, ನೀವು ಬಾಲಿ ನೋಡಿಕೊಂಡು ಬನ್ನಿ. ಅದಕ್ಕೇ ಬರೆಯುತ್ತಿದ್ದೇನೆ. ವೀಸಾ ಫಾರಂ, ಬ್ಯಾಂಕ್ ಸ್ಟೇಟ್‌ಮೆಂಟ್, ಇನ್ಶೂರೆನ್ಸ್ ಎಲ್ಲ ನಿಮಗೆ ಗೊತ್ತಿರುತ್ತದೆ, ಅದನ್ನು ಬಿಡುತ್ತೇನೆ.

ಮೊದಲ ಪ್ಲಾನ್ ಇದ್ದದ್ದು ಮೇ ತಿಂಗಳಿಗೆ. ಬೇಸಿಗೆ ರಜೆ ಇರುತ್ತದೆ ಅಂತ ಒಬ್ಬ ಏಜೆಂಟರ ಹತ್ತಿರ ಕೇಳಿದೆವು. ಬಂದ ಕೊಟೇಶನ್ 7.5 ಲಕ್ಷದ ಆಸುಪಾಸು. ಮೇ ಮಧ್ಯದಲ್ಲಿ ಕಾನ್‌ನಲ್ಲಿ ಚಿತ್ರೋತ್ಸವ, ಆ ವರ್ಷ ಅದರ ಬೆನ್ನಿಗೇ ಮೊನಾಕೊದಲ್ಲಿ ಫಾರ್ಮುಲಾ ಒನ್ ರೇಸೂ ಇತ್ತು. ಬೇರೆ ದಿನ 80 ಯೂರೋಗೆ ಸಿಗುವ ರೂಮಿಗೆ ಆಗ 250 ಕೇಳುತ್ತಾರೆ. ರದ್ದು ಮಾಡಿದೆವು. ಮುಂಗಡ ಕೊಟ್ಟಿದ್ದ 25 ಸಾವಿರದಲ್ಲಿ ಅರ್ಧ ಮಾತ್ರ ವಾಪಸ್ ಬಂತು, ಅದಕ್ಕೂ ತಿಂಗಳುಗಟ್ಟಲೆ ಫೋನ್ ಮಾಡಬೇಕಾಯಿತು. ಅಲ್ಲಿಂದ ಮುಂದೆ ಎಲ್ಲವನ್ನೂ ನಾನೇ ನೋಡಿಕೊಂಡೆ.

ಜುಲೈ, ಆಗಸ್ಟ್ ಮಾತೇ ಬೇಡ, ಇಡೀ ಯುರೋಪು ಅಲ್ಲೇ ಇರುತ್ತದೆ. ಸೆಪ್ಟೆಂಬರ್ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಸೆಪ್ಟೆಂಬರ್‌ನಲ್ಲಿ ಕಾನ್‌ನಲ್ಲಿ ವಿಹಾರ ನೌಕೆಗಳ ಮೇಳ, ತಿಂಗಳ ಕೊನೆಗೆ ಮೊನಾಕೊದಲ್ಲಿ ಯಾಟ್ ಶೋ. ದರಗಳನ್ನು ರಾತ್ರಿ ರಾತ್ರಿ ಕೂತು ಹೋಲಿಸಿ ನೋಡಿದಾಗ ಇದು ಕಣ್ಣಿಗೆ ಬಿತ್ತು. ಯಾಟ್ ಶೋ ಮುಗಿದ ಮೇಲೆ ದರ ಸರ್ರನೆ ಇಳಿಯುತ್ತದೆ. ನಮ್ಮ ಮಕ್ಕಳ ದಸರಾ ರಜೆ ಅಲ್ಲಿಗೇ ಬಂದು ಸೇರುತ್ತದೆ! ಬೇಸಿಗೆಯೆಲ್ಲ ಕಾದ ಸಮುದ್ರ ಅಕ್ಟೋಬರ್ ಮೊದಲಲ್ಲಿ ಇನ್ನೂ ಈಜುವಷ್ಟು ಬೆಚ್ಚಗಿರುತ್ತದೆ. ಶರತ್ಕಾಲದ ಮಳೆ ಅಲ್ಲಿ ಜೋರು, ಅದೊಂದು ಅಪಾಯ ಇದೆ. ನಮಗೆ ಒಂದೂವರೆ ದಿನ ಮಳೆ ಸಿಕ್ಕಿತು ಅಷ್ಟೇ.

ಆ ಕರಾವಳಿಯಲ್ಲಿ ದುಬಾರಿ ಅಂದರೆ ಮಲಗುವ ಜಾಗ. ನೋಡುವುದೆಲ್ಲ ಹೊರಗೇ ಇದೆ, ಅದಕ್ಕೆ ದುಡ್ಡಿಲ್ಲ. ಕಾನ್, ಆಂಟಿಬ್, ನೀಸ್, ವಿಲ್‌ಫ್ರಾಂಶ್, ಮೊನಾಕೊ, ಮಾಂತೋಂ, ಎಲ್ಲವೂ ಒಂದೇ ರೈಲು ಹಳಿಯ ಮೇಲಿವೆ. ಅದಕ್ಕೆ ಕೊನೆಯ ಎರಡು ರಾತ್ರಿ ಬಿಟ್ಟರೆ ಹೋಟೆಲ್ ಬದಲಿಸುತ್ತಾ ಓಡಾಡಲಿಲ್ಲ. ನೀಸ್‌ನಲ್ಲಿ, ಸ್ಟೇಷನ್ ಹಿಂದಿನ ಲಿಬೆರಾಸಿಯೋಂ ಬಡಾವಣೆಯಲ್ಲಿ, ಅಡುಗೆಮನೆ ಇರುವ ಒಂದು ರೂಮು ಹಿಡಿದೆವು. ಸಮುದ್ರ ಕಾಣುವುದಿಲ್ಲ, ಟ್ರಾಮ್ ಹತ್ತಿದರೆ ಹತ್ತು ನಿಮಿಷ. ಬೆಳಿಗ್ಗೆ ಅಲ್ಲಿನ ಸಂತೆಯಲ್ಲಿ ಬದನೆ, ಟೊಮ್ಯಾಟೊ, ಸೊಪ್ಪು ಹಳೇ ಪೇಟೆಯ ಕೂರ್ ಸಲೇಯಾ ಮಾರುಕಟ್ಟೆಗಿಂತ ಅಗ್ಗ. ರೂಮಿಗೆ ಮೊದಲು ಹೇಳಿದ್ದು ದಿನಕ್ಕೆ 85 ಯೂರೋ, ನಾನು ಕೊಟ್ಟದ್ದು 70ರ ಹತ್ತಿರ. ಹೇಗೆ ಇಳಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹತ್ತಿರವೇ ಇರಲಿ. ಊರಿನ ಟೂರಿಸ್ಟ್ ತೆರಿಗೆ ಬೇರೆ ಇರುತ್ತದೆ, ಮಕ್ಕಳಿಗೆ ಇಲ್ಲ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಯೂರೋ ಆಗ ನೂರು ರೂಪಾಯಿಗೆ ಹತ್ತಿರ ಇತ್ತು. ಬೆಂಗಳೂರಿನಿಂದ ಗಲ್ಫ್ ಮೂಲಕ ನೀಸ್‌ಗೆ ಮೂವರಿಗೆ 1.75 ಲಕ್ಷ. ವೀಸಾ ಫೀ ದೊಡ್ಡವರಿಗೆ 90 ಯೂರೋ, ಸರ್ವಿಸ್ ಚಾರ್ಜು, ಇನ್ಶೂರೆನ್ಸ್ ಸೇರಿ ಒಟ್ಟು 40 ಸಾವಿರ. ರೂಮು 60 ಸಾವಿರ ಚಿಲ್ಲರೆ. ರೈಲು, ಟ್ರಾಮ್, ದೋಣಿ 20 ಸಾವಿರ. ಊಟ 30 ಸಾವಿರ, ಅದರಲ್ಲಿ ಅರ್ಧ ಐಸ್‌ಕ್ರೀಮು, ಕಾಫಿ. ಉಳಿದದ್ದು ಸಣ್ಣಪುಟ್ಟದ್ದು.

ಮೊನಾಕೊಗೆ ನೀಸ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ, ಟಿಕೆಟ್ ಐದಾರು ಯೂರೋ ಒಳಗೆ. ಹೋಗುವಾಗ ಬಲಗಡೆ ಕೂರಿ, ಸುರಂಗಗಳ ನಡುನಡುವೆ ಸಮುದ್ರ ಆ ಕಡೆಯೇ. ಇಡೀ ದೇಶ ಸುಮಾರು 2 ಚದರ ಕಿಲೋಮೀಟರ್, ಬೆಟ್ಟದ ಇಳಿಜಾರಿನ ಮೇಲೆ ಕಟ್ಟಿದ್ದು. ಟ್ಯಾಕ್ಸಿ ಬೇಡ, ಸಾರ್ವಜನಿಕ ಲಿಫ್ಟು, ಎಸ್ಕಲೇಟರ್ ಎಲ್ಲ ಕಡೆ ಇವೆ, ಪುಕ್ಕಟೆ. ಅರಮನೆ ಮುಂದೆ 11.55ಕ್ಕೆ ಪಹರೆ ಬದಲಾಗುವುದನ್ನು ನೋಡಲೂ ಕಾಸಿಲ್ಲ. ಬಂದರಿನ ಒಂದು ದಡದಿಂದ ಇನ್ನೊಂದಕ್ಕೆ ಬ್ಯಾಟರಿ ದೋಣಿ ಇದೆ, ಎರಡು ಯೂರೋ. ಕೋಟಿಗಟ್ಟಲೆ ಬೆಲೆಯ ಹಡಗುಗಳ ಮಧ್ಯದಿಂದಲೇ ಅದು ಹೋಗುತ್ತದೆ. ಮಗನಿಗೆ ಅದೇ ಇಷ್ಟವಾಗಿ ಮತ್ತೆ ಮತ್ತೆ ಹತ್ತಿದ. ಲಾರ್ವೊಟ್ಟೊ ಬೀಚಿನಲ್ಲಿ ಮಧ್ಯಾಹ್ನವಿಡೀ ಈಜಿದೆವು. ಅದೂ ಪುಕ್ಕಟೆ. ಮೊನಾಕೊದಲ್ಲಿ ಒಂದು ದಿನಕ್ಕೆ ನಮಗೆ ಆದ ಖರ್ಚು ಮೂವರಿಗೂ ಸೇರಿ 50 ಯೂರೋ ದಾಟಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆ ಇದೆ.

ಕಾನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಮುದ್ರದ ದಡದ ಕ್ರೊಯಿಸೆಟ್ ರಸ್ತೆ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಚಿತ್ರೋತ್ಸವದ ಕಟ್ಟಡದ ಮುಂದೆ ನಿಂತಾಗ ಮೈ ಜುಮ್ಮೆಂದಿತು. 2024ರ ಉತ್ಸವದಲ್ಲಿ ವಿದ್ಯಾರ್ಥಿಗಳ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಕನ್ನಡದ ಕಿರುಚಿತ್ರಕ್ಕೆ ಬಂತು, ಅಲ್ವಾ? ಅಲ್ಲಿಂದ ಸೇಂಟ್ ಮಾರ್ಗರೀಟ್ ದ್ವೀಪಕ್ಕೆ ದೋಣಿ, ಹೋಗಿ ಬರಲು 17-18 ಯೂರೋ ಇರಬೇಕು. ಹದಿನೇಳನೇ ಶತಮಾನದಲ್ಲಿ, ಯಾರೆಂದು ಖಚಿತವಾಗಿ ಗೊತ್ತಿಲ್ಲದ ‘ಕಬ್ಬಿಣದ ಮುಖವಾಡದ ಕೈದಿ’ಯನ್ನು ಇಟ್ಟಿದ್ದ ಕೋಣೆ ಅಲ್ಲಿನ ಕೋಟೆಯಲ್ಲಿದೆ. ಬುತ್ತಿ ಕಟ್ಟಿಕೊಂಡು ಹೋಗಿ, ಪೈನ್ ಮರಗಳ ಕೆಳಗೆ ಕೂತು ತಿನ್ನಬಹುದು.

ಊಟದ ವಿಷಯಕ್ಕೆ ಬರುತ್ತೇನೆ. ನಾವು ಸಸ್ಯಾಹಾರಿಗಳು. ಅವಲಕ್ಕಿ, ಚಟ್ನಿಪುಡಿ, ಹುಳಿಪುಡಿ ಒಯ್ದೆವು. ತುಪ್ಪ, ಪೇಡ, ಮಾಂಸದ ಪದಾರ್ಥ ಯುರೋಪಿಗೆ ಒಯ್ಯುವ ಹಾಗಿಲ್ಲ, ಹಸಿ ಕರಿಬೇವೂ ಇಲ್ಲ. ನೀಸ್‌ನ ಸೊಕ್ಕಾ ನಮ್ಮ ಪಾಲಿಗೆ ವರ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಅಷ್ಟೇ, ಸೌದೆ ಒಲೆಯಲ್ಲಿ ಬೇಯಿಸಿದ ದೋಸೆ ಅನ್ನಿ. ಆದರೆ ಪಿಸಾಲಾದಿಯೇರ್ ಅನ್ನುವ ಈರುಳ್ಳಿ ರೊಟ್ಟಿ ಮುಟ್ಟಬೇಡಿ, ಅದರಲ್ಲಿ ಮೀನಿದೆ. ಸೊಕ್ಕಾ ಹಿಟ್ಟು ತಂದು ನನ್ನ ಹೆಂಡತಿ ರೂಮಿನಲ್ಲಿ ಪ್ರಯೋಗ ಮಾಡಿದಳು. ಮೊದಲ ದಿನ ತವಾಗೆ ಅಂಟಿ ಹರಿಯಿತು. ಹಿಟ್ಟನ್ನು ನಾಲ್ಕೈದು ಗಂಟೆ ನೆನೆಯಲು ಬಿಟ್ಟು, ಚಟ್ನಿಪುಡಿ ಉದುರಿಸಿದ ಮೇಲೆ ಅಂಗಡಿಯದ್ದಕ್ಕಿಂತ ಚೆನ್ನಾಗಿ ಬಂತು. ಸೂಪರ್ ಮಾರ್ಕೆಟ್ಟಿನ ಮೊಸರು ಮೊಸರನ್ನಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ.

ನೀಸ್ ಬೀಚಿನಲ್ಲಿ ಮರಳಿಲ್ಲ, ಉರುಟು ಕಲ್ಲು. ಊರಿನಿಂದಲೇ ನೀರಿನ ಶೂ ಒಯ್ಯಿರಿ. ಖಾಸಗಿ ಬೀಚಿನಲ್ಲಿ ಒರಗು ಕುರ್ಚಿಗೆ 30 ಯೂರೋ ಹತ್ತಿರ ಕೇಳುತ್ತಾರೆ. ಪಕ್ಕದಲ್ಲೇ ಸಾರ್ವಜನಿಕ ಬೀಚು, ನೀರು ಅದೇ. ಸಮುದ್ರದ ದಡದ ಪ್ರೊಮೆನಾದ್ ರಸ್ತೆಯ ನೀಲಿ ಕುರ್ಚಿಗಳಿಗೂ ಬಾಡಿಗೆ ಇಲ್ಲ. ಮರಳು ಬೇಕಿದ್ದರೆ ವಿಲ್‌ಫ್ರಾಂಶ್‌ಗೆ ಹೋಗಿ, ರೈಲು ಇಳಿದರೆ ಬೀಚು.

ಕೊನೆಯ ಎರಡು ರಾತ್ರಿ ಇಟಲಿಯ ವೆಂಟಿಮೀಲಿಯಾದಲ್ಲಿ ಇದ್ದು ನೋಡಿದೆವು. ರೂಮು 20 ಯೂರೋ ಅಗ್ಗ, ಶುಕ್ರವಾರದ ಸಂತೆ ದೊಡ್ಡದು, ಕಾಫಿ ಅರ್ಧ ಬೆಲೆ. ಆದರೆ ಫ್ರಾನ್ಸಿಗೆ ಬರುವ ರೈಲನ್ನು ಗಡಿಯ ಮಾಂತೋಂ ಗರವಾನ್ ಸ್ಟೇಷನ್ನಿನಲ್ಲಿ ನಿಲ್ಲಿಸಿ ಪೊಲೀಸರು ಪಾಸ್‌ಪೋರ್ಟ್ ನೋಡುತ್ತಾರೆ, ಹೊತ್ತು ಹೋಗುತ್ತದೆ. ದಿನವೂ ಕಾನ್ ಕಡೆಗೆ ಓಡಾಡುವವರಿಗೆ ಇದು ಆಗಿಬರುವುದಿಲ್ಲ. ಮಾಂತೋಂ, ಮೊನಾಕೊ ಸಾಕು ಅನ್ನುವವರು ಅಲ್ಲೇ ಇರಬಹುದು. ಹಾಗೆ ಮಾಡುವುದಾದರೆ ರಾತ್ರಿಗಳ ಲೆಕ್ಕ ಮೊದಲೇ ಹಾಕಿ. ಜಾಸ್ತಿ ರಾತ್ರಿ ಯಾವ ದೇಶದಲ್ಲೋ, ಷೆಂಗೆನ್ ವೀಸಾಗೆ (ಯುರೋಪಿನ ಹಲವು ದೇಶಗಳಿಗೆ ಸೇರಿ ಇರುವ ಒಂದೇ ವೀಸಾ) ಆ ದೇಶಕ್ಕೇ ಅರ್ಜಿ ಹಾಕಬೇಕು.