ಜಿಮ್ ಮೆಂಬರ್‌ಶಿಪ್ ಫ್ರೀಜ್ ಮಾಡಿಸುತ್ತೀರಾ? ಹೊಸ ಕೊನೆಯ ದಿನಾಂಕ ಬರೆಸಿಕೊಳ್ಳಿ

ಜನವರಿಯಲ್ಲಿ ವರ್ಷದ ದುಡ್ಡು ಒಟ್ಟಿಗೆ ಕಟ್ಟಿರುತ್ತೀರಿ. ಮಾರ್ಚ್‌ನಲ್ಲಿ ಜ್ವರ ಹಿಡಿಯುತ್ತದೆ, ಇಲ್ಲವೇ ಮಂಡಿ ಕೈಕೊಡುತ್ತದೆ, ಇಲ್ಲವೇ ಆಫೀಸಿನವರು ಬೇರೆ ಊರಿಗೆ ಕಳಿಸುತ್ತಾರೆ. ರಿಸೆಪ್ಷನ್‌ನಲ್ಲಿ ಕೇಳಿದರೆ ‘ಫ್ರೀಜ್ ಮಾಡ್ತೀವಿ ಬಿಡಿ, ಆಮೇಲೆ ಎಕ್ಸ್‌ಟೆಂಡ್ ಆಗುತ್ತೆ’ ಅನ್ನುತ್ತಾರೆ. ಜಗಳ ಹುಟ್ಟುವುದು ಈ ಬಾಯಿಮಾತಿನಲ್ಲೇ. ವರ್ಷದ ಕೊನೆಗೆ ಹಾಗೆ ಹೇಳಿದವರು ಕೆಲಸ ಬಿಟ್ಟಿರುತ್ತಾರೆ, ಆ್ಯಪ್‌ನಲ್ಲಿ ಹಳೆಯ ದಿನಾಂಕಕ್ಕೇ ಮೆಂಬರ್‌ಶಿಪ್ ಮುಗಿದಿರುತ್ತದೆ.

ನಿಲ್ಲಿಸಿದ್ದು ಯಾರು?

ಇದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ನಿಮ್ಮ ಕಾರಣಕ್ಕೆ ನಿಲ್ಲಿಸಿದರೆ ನೀವು ಸಹಿ ಹಾಕಿದ ಫಾರ್ಮ್‌ನಲ್ಲಿ ಏನಿದೆಯೋ ಅದೇ ಆಧಾರ. ಇಷ್ಟು ದಿನ ಫ್ರೀಜ್ ಕೊಡಲೇಬೇಕು ಎಂದು ಹೇಳುವ ಕಾನೂನು ನಮ್ಮಲ್ಲಿಲ್ಲ. ಹಾಗಾಗಿ ಫಾರ್ಮ್‌ನ ಹಿಂಬದಿಯ ಸಣ್ಣ ಅಕ್ಷರ ಓದಲೇಬೇಕು: ಒಟ್ಟು ಎಷ್ಟು ದಿನ, ಎಷ್ಟು ಸಲ, ಶುಲ್ಕ ಇದೆಯಾ, ಮೊದಲೇ ತಿಳಿಸಬೇಕಾ. ಹಿಂದಿನ ತಾರೀಖಿನಿಂದ ಫ್ರೀಜ್ ಮಾಡಲು ಎಷ್ಟೋ ಕಡೆ ಒಪ್ಪುವುದಿಲ್ಲ, ಆದ್ದರಿಂದ ಹುಷಾರಾದ ಮೇಲೆ ಹೇಳೋಣ ಅಂತ ಸುಮ್ನೆ ಕೂರಬೇಡಿ, ಹಾಸಿಗೆಯಿಂದಲೇ ಒಂದು ಮೆಸೇಜ್ ಹಾಕಿ.

ಜಿಮ್ಮಿನವರೇ ಬಾಗಿಲು ಹಾಕಿದರೆ ಮಾತು ಬೇರೆ. ರಿಪೇರಿ ಇರಬಹುದು, ಕಟ್ಟಡದ ಮಾಲೀಕರ ಜೊತೆ ತಕರಾರು ಇರಬಹುದು, ಕಾರಣ ಏನೇ ಇರಲಿ ಅದು ನಿಮ್ಮ ಫ್ರೀಜ್ ಅಲ್ಲ. ಆ ದಿನಗಳನ್ನು ನಿಮ್ಮ ಫ್ರೀಜ್ ಲೆಕ್ಕದಿಂದ ಕಳೆಯಲು ಬಿಡಬೇಡಿ. ‘ಎಕ್ಸ್‌ಟೆಂಡ್ ಮಾಡಿದ್ದೀವಲ್ಲ’ ಎಂದ ಮಾತ್ರಕ್ಕೆ ನೀವು ಒಪ್ಪಿದಂತಲ್ಲ. ಕರಾರು ಬದಲಾಗಬೇಕಾದರೆ ಇಬ್ಬರೂ ಒಪ್ಪಬೇಕು, 1872ರ ಕರಾರು ಕಾಯ್ದೆಯಿಂದಲೂ ಇರುವ ನಿಯಮ ಇದು. ಬನಶಂಕರಿಯಲ್ಲಿ ಸೇರಿದವರಿಗೆ ‘ವೈಟ್‌ಫೀಲ್ಡ್ ಬ್ರಾಂಚಿಗೆ ಹೋಗಿ’ ಅಂದರೆ ಯಾರು ಹೋಗುತ್ತಾರೆ? ಬೇಡ, ಉಳಿದ ತಿಂಗಳ ದುಡ್ಡು ವಾಪಸ್ ಕೊಡಿ ಎಂದು ಕೇಳುವುದು ನ್ಯಾಯವೇ.

ಬರಹದಲ್ಲಿ ಮೂರು ದಿನಾಂಕ

ಫ್ರೀಜ್ ಶುರುವಾಗುವ ದಿನ, ಮುಗಿಯುವ ದಿನ, ಮೆಂಬರ್‌ಶಿಪ್‌ನ ಹೊಸ ಕೊನೆಯ ದಿನ. ಈ ಮೂರನೆಯದನ್ನೇ ಜನ ಬಿಟ್ಟುಬಿಡುತ್ತಾರೆ. ಇಮೇಲ್ ಒಳ್ಳೆಯದು, ಆಗದಿದ್ದರೆ ಜಿಮ್ಮಿನ ಅಧಿಕೃತ ವಾಟ್ಸ್‌ಆ್ಯಪ್ ನಂಬರಿಗೆ ಹೀಗೆ ಬರೆಯಿರಿ:

‘ನನ್ನ ಮೆಂಬರ್‌ಶಿಪ್ ಜನವರಿ 9ಕ್ಕೆ ಮುಗಿಯಬೇಕು. ಮಾರ್ಚ್ 1ರಿಂದ 30ರವರೆಗೆ, ಒಟ್ಟು 30 ದಿನ ಫ್ರೀಜ್ ಮಾಡಿ. ಹೊಸ ಕೊನೆಯ ದಿನ ಫೆಬ್ರವರಿ 8. ಪರ್ಸನಲ್ ಟ್ರೈನಿಂಗ್ ಪ್ಯಾಕೇಜ್‌ಗೂ ಇದೇ 30 ದಿನ ಸೇರಿಸಿ. ಒಪ್ಪಿಗೆ ಎಂದು ಉತ್ತರಿಸಿ.’

ಟ್ರೈನಿಂಗ್ ಬಗ್ಗೆ ಬೇರೆಯಾಗಿ ಬರೆಯುವುದಕ್ಕೆ ಕಾರಣ ಇದೆ. ಮೆಂಬರ್‌ಶಿಪ್‌ಗೂ ಟ್ರೈನರ್ ಸೆಷನ್‌ಗಳಿಗೂ ವ್ಯಾಲಿಡಿಟಿ ಬೇರೆಬೇರೆ ಇರುವುದೇ ಜಾಸ್ತಿ. ಒಂದನ್ನು ಫ್ರೀಜ್ ಮಾಡಿ ಇನ್ನೊಂದನ್ನು ಮರೆತರೆ ದುಡ್ಡು ಕೊಟ್ಟ ಸೆಷನ್‌ಗಳು ಹಾಗೇ ಹೋಗುತ್ತವೆ. ಉತ್ತರ ಬಂದ ಮೇಲೆ ಆ್ಯಪ್‌ನಲ್ಲಿ ದಿನಾಂಕ ಬದಲಾಗಿದೆಯಾ ನೋಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ರಸೀದಿ, ಡಾಕ್ಟರ್ ಚೀಟಿ, ಫಾರ್ಮ್‌ನ ಫೋಟೊ ಎಲ್ಲ ಒಂದೇ ಕಡೆ ಇರಲಿ.

ಇಎಂಐ ಇದ್ದರೆ ಹುಷಾರು

ಜಿಮ್ ನಿಂತರೂ ಇಎಂಐ ತಾನಾಗಿ ನಿಲ್ಲುವುದಿಲ್ಲ. ಸಾಲ ಕೊಟ್ಟದ್ದು ಬೇರೆ ಕಂಪನಿಯಾದರೆ ಅದರ ಕರಾರೂ ಬೇರೆಯೇ. ಸಿಟ್ಟಿನಲ್ಲಿ ಕಟ್ಟುವುದನ್ನು ಬಿಟ್ಟರೆ ಏಟು ಬೀಳುವುದು ನಿಮ್ಮ ಕ್ರೆಡಿಟ್ ಸ್ಕೋರ್‌ಗೆ, ಹಾಗಾಗಿ ಸಾಲದ ಕಂಪನಿಗೂ ಅದೇ ದಿನ ಬರೆಯಿರಿ. ತಿಂಗಳ ಶುಲ್ಕ ಕಾರ್ಡಿನಿಂದ ತಾನಾಗಿ ಕಟ್ ಆಗುವಂತಿದ್ದರೆ ಹಣ ಹೋಗುವ 24 ಗಂಟೆ ಮೊದಲು ಬ್ಯಾಂಕ್ ತಿಳಿಸಬೇಕು. ಆ ಅನುಮತಿಯನ್ನು ನೀವು ಬ್ಯಾಂಕ್ ಮೂಲಕವೇ ರದ್ದು ಮಾಡಬಹುದು.

ಒಪ್ಪದಿದ್ದರೆ

ಮೊದಲು ಮ್ಯಾನೇಜರ್‌ಗೆ ಲಿಖಿತ ದೂರು ಕೊಡಿ, 15 ದಿನ ಗಡುವು ಹಾಕಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅವರು ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ಕಳಿಸಿ ರಾಜಿಗೆ ನೋಡುತ್ತಾರೆ. ಫೋನ್ ಮಾಡಲು ಖರ್ಚಿಲ್ಲ, ಆದ್ದರಿಂದ ಇದನ್ನು ಬಿಡಬೇಡಿ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ‘ದುಡ್ಡು ವಾಪಸ್ ಇಲ್ಲ’ ಎಂದು ರಸೀದಿಯಲ್ಲಿ ಅಚ್ಚು ಹಾಕಿಸಿದ್ದಾರೆ ಅಂತ ಕೈಚೆಲ್ಲಬೇಡಿ. ಸೇವೆಯಲ್ಲಿ ಕೊರತೆ ಇದ್ದೂ ಹಣ ಮರಳಿಸದಿರುವುದನ್ನು 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಹೇಳುತ್ತದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಆಯೋಗಕ್ಕೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕು ಎಂದೇನಿಲ್ಲ. ಜಿಮ್ ಇರುವ ಊರಿಗೇ ಹೋಗಬೇಕಾಗಿಲ್ಲ, ಬೆಂಗಳೂರಲ್ಲಿ ಸೇರಿ ಈಗ ಶಿವಮೊಗ್ಗದಲ್ಲಿ ವಾಸವಿದ್ದರೆ ಶಿವಮೊಗ್ಗದಲ್ಲೇ ದೂರು ಕೊಡಬಹುದು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ಸಮಸ್ಯೆ ಆದ ದಿನದಿಂದ 2 ವರ್ಷದೊಳಗೆ ಹಾಕಬೇಕು, ಅಷ್ಟೇ.

ದೂರು ಬರೆಯುವಾಗ ಒಂದು ಎಚ್ಚರಿಕೆ. ‘ಕರಾರೇ ಅನ್ಯಾಯದ್ದು, ಈ ಷರತ್ತನ್ನೇ ರದ್ದು ಮಾಡಿ’ ಎಂದು ಕೇಳಿದರೆ ಅದನ್ನು ಕೇಳುವ ಅಧಿಕಾರ ಜಿಲ್ಲಾ ಆಯೋಗಕ್ಕಿಲ್ಲ, ರಾಜ್ಯ ಆಯೋಗಕ್ಕೆ ಹೋಗಬೇಕಾಗುತ್ತದೆ. ನಿಮಗೆ ಬೇಕಾಗಿರುವುದು 30 ದಿನವೋ ಉಳಿದ ದುಡ್ಡೋ, ಅಲ್ವಾ? ಹಾಗಿದ್ದರೆ ‘ಸೇವಾ ನ್ಯೂನತೆ’ ಎಂದು ಬರೆಯಿರಿ. ವಾಪಸ್ ಬರಬೇಕಾದ ಮೊತ್ತ, ತೊಂದರೆಗೆ ಪರಿಹಾರ, ದೂರಿನ ಖರ್ಚು ಮೂರನ್ನೂ ಬಿಡಿಸಿ ಬರೆಯಿರಿ. ಆದೇಶ ಬಂದ ಮೇಲೂ ಜಿಮ್ಮಿನವರು ಕೊಡದಿದ್ದರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ 1 ತಿಂಗಳಿಂದ 3 ವರ್ಷದವರೆಗೆ ಜೈಲು, ಇಲ್ಲವೇ 25 ಸಾವಿರದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ಹಾಕುವ ಅಧಿಕಾರ ಆಯೋಗಕ್ಕಿದೆ.