ಹಳೇ ಕಿರಾಣಿ ಅಂಗಡಿಯ ಫೋಟೋ ಯಾವ ಕಾಲದ್ದು? ಹೀಗೆ ಪತ್ತೆ ಮಾಡಿ

ಅಮೆರಿಕದ ಸಣ್ಣ ಊರುಗಳ ಕಿರಾಣಿ ಅಂಗಡಿಗಳ ಹಳೇ ಫೋಟೋಗಳು ಇಂಟರ್ನೆಟ್‌ನಲ್ಲಿ ಬೇಕಾದಷ್ಟಿವೆ. ಎಷ್ಟೋ ಫೋಟೋಗಳಿಗೆ ಇಸವಿಯೇ ಇರುವುದಿಲ್ಲ. ಹುಡುಕಲು ಕೂರುವ ಮುಂಚೆ ಒಂದು ಮಾತು: ಕಟ್ಟಡದ ವಯಸ್ಸು ಬೇರೆ, ಫೋಟೋದ ವಯಸ್ಸು ಬೇರೆ. ಎರಡನ್ನೂ ಬೇರೆ ಬೇರೆಯಾಗಿಯೇ ಲೆಕ್ಕ ಹಾಕಿ.

ಹಂತ 1: ಕಟ್ಟಡದ ನೆತ್ತಿ ನೋಡಿ. ಮುಂದೆ ಎತ್ತರದ ಚೌಕ ಗೋಡೆ, ಅದರ ಹಿಂದೆ ಇಳಿಜಾರು ಸೂರು ಇದೆಯಾ? ಅದು ಫಾಲ್ಸ್ ಫ್ರಂಟ್. ಚಿಕ್ಕ ಮರದ ಅಂಗಡಿ ದೊಡ್ಡದಾಗಿ ಕಾಣಲಿ, ಹೆಸರು ಬರೆಯಲು ಜಾಗ ಸಿಗಲಿ ಅಂತ ಮಾಡಿದ ಉಪಾಯ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಪಶ್ಚಿಮದ ಹೊಸ ಊರುಗಳಲ್ಲಿ ಇದು ಜಾಸ್ತಿ.

ಇಟ್ಟಿಗೆ ಕಟ್ಟಡದ ಮೇಲಂಚಿನಲ್ಲಿ ಭರ್ಜರಿ ಚಿತ್ತಾರವಿದ್ದರೆ ಅದು ಕಲ್ಲಿನ ಕೆತ್ತನೆ ಅಂತ ನಂಬಬೇಡಿ. ಸುಮಾರು ಸಲ ಅದು ಬರೀ ತಗಡು. ಸೇಂಟ್ ಲೂಯಿಸ್‌ನ ಮೆಸ್ಕರ್ ಬ್ರದರ್ಸ್, ಇವಾನ್ಸ್‌ವಿಲ್‌ನ ಜಾರ್ಜ್ ಮೆಸ್ಕರ್ ಕಂಪನಿಗಳು ಅಂಗಡಿಯ ಇಡೀ ಮುಂಭಾಗವನ್ನೇ ಕ್ಯಾಟಲಾಗ್‌ನಲ್ಲಿ ಮಾರುತ್ತಿದ್ದವು. ಆರ್ಡರ್ ಬರೆದು ಕಳಿಸಿದರೆ ರೈಲಿನಲ್ಲಿ ಬಂದಿಳಿಯುತ್ತಿತ್ತು! ಕಬ್ಬಿಣದ ಕಂಬದ ಬುಡ ಜೂಮ್ ಮಾಡಿ. ತಯಾರಕರ ಹೆಸರು, ಕೆಲವೊಮ್ಮೆ ಪೇಟೆಂಟ್ ತಾರೀಖು ಅಲ್ಲೇ ಅಚ್ಚಾಗಿರುತ್ತದೆ. ಆ ತಾರೀಖಿಗಿಂತ ಮುಂಚಿನ ಮುಂಭಾಗ ಅಲ್ಲ ಅನ್ನುವಷ್ಟು ಮಾತ್ರ ಅದರಿಂದ ಗೊತ್ತಾಗುತ್ತದೆ.

ಹಂತ 2: ಬಾಗಿಲ ಮೇಲಿನ ಗಾಜು. ಅಲ್ಲಿ ಚಿಕ್ಕ ಚಿಕ್ಕ ಚೌಕದ, ಗೀರುಗೀರಾದ ಗಾಜಿನ ಬಿಲ್ಲೆಗಳಿದ್ದರೆ ಅದು ಪ್ರಿಸಂ ಗಾಜು. ಬೀದಿಯ ಬೆಳಕನ್ನು ಅಂಗಡಿಯ ಒಳಮೂಲೆಗೆ ತಿರುಗಿಸುವ ಈ ಗಾಜು 1890ರ ದಶಕದ ಕೊನೆಯಿಂದ ಓಡಾಟಕ್ಕೆ ಬಂತು.

ಹಂತ 3: ಇನ್ನು ಫೋಟೋದ ಕಾಲ. ಇದಕ್ಕೆ ಕಟ್ಟಡ ಬಿಟ್ಟು ಚಿಲ್ಲರೆ ಸಾಮಾನು ನೋಡಿ. ಕಿಟಕಿಯಲ್ಲಿ ನೀಲಿ ಹದ್ದಿನ ಎನ್‌ಆರ್‌ಎ (ನ್ಯಾಷನಲ್ ರಿಕವರಿ ಅಡ್ಮಿನಿಸ್ಟ್ರೇಷನ್ ಅನ್ನೋ ಅಂದಿನ ಸರ್ಕಾರಿ ಸಂಸ್ಥೆ) ಪೋಸ್ಟರ್ ಇದ್ದರೆ ಬಹುಶಃ 1933ರಿಂದ 1935ರ ನಡುವಿನದು. ಬೋರ್ಡ್‌ನಲ್ಲಿ ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಥರದ್ದು) ಇದ್ದರೆ 1963ರ ನಂತರದ್ದೇ. ಕಾರಿದ್ದರೆ ನಂಬರ್ ಪ್ಲೇಟ್ ಓದಿ, ಇಸವಿಯೇ ಸಿಕ್ಕರೂ ಸಿಕ್ಕೀತು.

ಕೈ ಪಳಗಿಸಿಕೊಳ್ಳಲು ಅಮೆರಿಕದ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ 1939ರ ಜುಲೈಯಲ್ಲಿ ನಾರ್ತ್ ಕ್ಯಾರೊಲೈನಾದ ಗಾರ್ಡನ್‌ಟನ್ ಬಳಿ ತೆಗೆದ ಅಂಗಡಿ ಫೋಟೋ ಒಳ್ಳೆಯದು. ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಜಗಲಿಯ ಮೇಲೆ ಜನ, ಒಂದು ಬದಿಗೆ ಸೀಮೆಎಣ್ಣೆ ಪಂಪು, ಇನ್ನೊಂದು ಬದಿಗೆ ಪೆಟ್ರೋಲ್ ಪಂಪು. ಅಡಿಬರಹ ಮುಚ್ಚಿ ಊಹೆ ಮಾಡಿ, ಆಮೇಲೆ ತಾಳೆ ನೋಡಿ.

ಹಂತ 4: ಊರು ಗೊತ್ತಿದ್ದರೆ ಸ್ಯಾನ್‌ಬಾರ್ನ್ ಬೆಂಕಿ ವಿಮೆ ನಕ್ಷೆ ತೆಗೆಯಿರಿ. ವಿಮೆ ಕಂಪನಿಗಳಿಗಾಗಿ ಊರಿನ ಒಂದೊಂದು ಕಟ್ಟಡವನ್ನೂ ಗುರುತಿಸಿ ಮಾಡಿದ ಹಳೇ ನಕ್ಷೆ ಇದು. ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ ಬಣ್ಣ, ಮರದ್ದಕ್ಕೆ ಹಳದಿ, ಅಂಗಡಿಗೆ ‘ಎಸ್’ ಅಕ್ಷರ. ಒಂದು ವರ್ಷದ ನಕ್ಷೆಯಲ್ಲಿ ಹಳದಿ ಇದ್ದ ಜಾಗ ಮುಂದಿನದರಲ್ಲಿ ಗುಲಾಬಿಯಾಗಿದ್ದರೆ, ಮರದ ಅಂಗಡಿ ಹೋಗಿ ಇಟ್ಟಿಗೆಯದು ಎದ್ದಿದ್ದು ಆ ಎರಡು ನಕ್ಷೆಗಳ ನಡುವೆ.